ಹೆಸರು ಹೇಳಿದರೆ ಮಾತ್ರ ಸೂಜಿ

ವಿಜಯವಾಡದ ಸಿಸ್ಟರಮ್ಮ ಹೋದ ವಾರ ತೀರಿಕೊಂಡರು. ಫೋನ್ ಮಾಡಿ ತಿಳಿಸಿದವಳು ಅವರ ತಂಗಿಯ ಮಗಳು. ಕೊನೆಯ ನಾಲ್ಕು ದಿನ, ನರ್ಸಾಗಿದ್ದ ಅವರೂ ರೋಗಿಯಾಗಿ ಆಸ್ಪತ್ರೆಯಲ್ಲಿದ್ದರಂತೆ. ಹಾಸಿಗೆಯ ಚಾದರ ಸುಕ್ಕಾಗಿದೆ ಎಂದು ಅಲ್ಲಿನ ನರ್ಸಿನ ಕೈಯಿಂದ ಮೂರು ಸಲ ಬಿಚ್ಚಿಸಿ ಮೂರು ಸಲ ಹಾಕಿಸಿದರಂತೆ. ಮೂರನೆಯ ಸಲವೂ ಒಪ್ಪಿಗೆಯಾಗಲಿಲ್ಲವಂತೆ. ಆ ಹುಡುಗಿ ಅಳುತ್ತಾ ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ನಗು ಬಂತು. ಸಾವಿನ ಸುದ್ದಿಗೆ ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡೆ. ಆಗಲೇ ನೀವಿಬ್ಬರೂ ಒಳಗೆ ಬಂದು "ಎವರು ಅಜ್ಜೀ ಆವಿಡ?" ಎಂದು, ಆಕೆ ಯಾರೆಂದು ನಿಮ್ಮ ತೆಲುಗಿನಲ್ಲಿ ಕೇಳಿದಿರಿ.

ಮಕ್ಕಳೇ, ಬಾಯಿಂದ ಹೇಳಲು ಹೊರಟರೆ ನನಗೆ ಅರ್ಧದಲ್ಲೇ ಮಾತು ನಿಂತುಹೋಗುತ್ತದೆ. ಬರೆದರೆ ಅಷ್ಟು ನಾಚಿಕೆಯಾಗುವುದಿಲ್ಲ. ನೀವು ಕನ್ನಡದ ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ನಿಮಗೆ ಆಕಳಿಕೆ ಬರುತ್ತದೆಂದು ಗೊತ್ತು. ನಿಮ್ಮ ಅಪ್ಪ ಓದಿ ಹೇಳಲಿ. ಅವನಿಗೂ ಸ್ವಲ್ಪ ಅಭ್ಯಾಸ ಉಳಿದೀತು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಹೆಸರು, ಹೆಸರು ಎಂದು ನನ್ನ ಪ್ರಾಣ ತಿಂದ ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಅವರ ಎದೆಯ ಮೇಲೆ ಒಂದು ಪಟ್ಟಿ ಇತ್ತು. ಅದರಲ್ಲಿ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಏನೋ ಬರೆದಿತ್ತು. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದ ನಾನು ಯಾರ ಎದೆಯ ಮೇಲಿನ ಬರಹವನ್ನೂ ದಿಟ್ಟಿಸಿ ಓದಿದವಳಲ್ಲ. ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು, ನಾನೂ ಅಂದೆ.

ನಿಮ್ಮ ಅಜ್ಜನಿಗೆ ಬ್ಯಾಂಕಿನಿಂದ ವಿಜಯವಾಡಕ್ಕೆ ವರ್ಗವಾಗಿ ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಕೂತವರು ಹಾಗೆಯೇ ಬಲಕ್ಕೆ ವಾಲಿದರು. ಪಾರ್ಶ್ವವಾಯು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಆಟೋನಗರ್ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೊರಗೆ ಹಗಲೆಲ್ಲ ಲಾರಿಗಳ ತಗಡು ಬಡಿಯುವ ಸದ್ದು, ಒಳಗೆ ಸಿಸ್ಟರಮ್ಮನ ಬಾಯಿ. ಎರಡರಲ್ಲಿ ತಗಡೇ ಮೆತ್ತಗೆ.

ಕುಳ್ಳಗೆ, ದುಂಡಗೆ ಇದ್ದರು. ಕೈಗಡಿಯಾರವನ್ನು ಕೈಗೆ ಕಟ್ಟದೆ ಎದೆಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡಿದ್ದರು. ಕೈಗಳು ಮಾತ್ರ ಬೇರೆ ಯಾರದ್ದೋ ತಂದು ಅಂಟಿಸಿದಂತೆ ಒಣಗಿ, ಬಿರಿದು, ಸೋಪಿನಿಂದ ಬೆಳ್ಳಗಾಗಿದ್ದವು. ವಯಸ್ಸಿನ ಕಾಲದಲ್ಲಿ ಬಳ್ಳಾರಿಯಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಬರುತ್ತಿತ್ತು. ನನಗೆ ಬೈಯಲು ಅನುಕೂಲವಾಗಲೆಂದೇ ಕಲಿತಿದ್ದರೋ ಏನೋ. ಮೊದಲ ಮೂರು ದಿನ 'ನೀವು' ಎಂದರು. ನಾಲ್ಕನೆಯ ದಿನದಿಂದ 'ನೀನು'.

ಅವರ ಬಾಯಲ್ಲಿ ಒಂದು ಸಿಹಿ ಮಾತು ಬಂದದ್ದನ್ನು ನಾನು ಕೇಳಲಿಲ್ಲ. ರೋಗಿಗಳನ್ನು 'ಮಹಾರಾಜರು' ಎನ್ನುತ್ತಿದ್ದರು, ನೋಡಲು ಬಂದವರನ್ನು 'ಜಾತ್ರೆ'. ದೊಡ್ಡ ಡಾಕ್ಟರು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಸಿಸ್ಟರಮ್ಮ ಮಾತ್ರ ನಲ್ಲಿಯ ಕಡೆ ಕೈ ತೋರಿಸುತ್ತಿದ್ದರು. ನಾನು ಗಾಬರಿಯಾದದ್ದು ನೋಡಿ ಒಮ್ಮೆ ಹೇಳಿದರು: "ಡಾಕ್ಟರು ದೇವ್ರು ಅಂತೀಯಲ್ಲಮ್ಮಾ, ಸರಿ. ದೇವ್ರಾದ್ರೂ ಹಿಂದಿನ ಮಂಚ ಮುಟ್ಟಿ ಈ ಮಂಚಕ್ಕೆ ಬಂದ್ರೆ ಕೈ ತೊಳೀಬೇಕು."

ಅಜ್ಜನ ಬ್ಯಾಂಕಿನ ಮ್ಯಾನೇಜರು ಒಂದು ಸಂಜೆ ಹೂಗುಚ್ಛ ಹಿಡಿದು, ಹಿಂದೆ ಆರು ಜನ ಗುಮಾಸ್ತರನ್ನು ಕಟ್ಟಿಕೊಂಡು ಬಂದರು. ಸಿಸ್ಟರಮ್ಮ ಬಾಗಿಲಲ್ಲೇ ಅಡ್ಡ ನಿಂತರು. ಹೂವನ್ನು ಕಿಟಕಿಯ ಹೊರಗಿಡಿಸಿದರು. ಏಳು ಜನರನ್ನು ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿದರು, ಶಾಲೆಯಲ್ಲಿ ಊಟಕ್ಕೆ ಮುಂಚೆ ನಿಲ್ಲಿಸುವ ಹಾಗೆ. ಮ್ಯಾನೇಜರಿಗೆ ಸಿಟ್ಟು ಬಂತು. "ನಾನು ಬ್ರಾಂಚ್ ಮ್ಯಾನೇಜರ್ ಅಂಡಿ" ಎಂದರು.

"ಸಂತೋಷ ಮ್ಯಾನೇಜರ್ ಗಾರೂ. ಸಹಿ ಇಲ್ದೆ ಚೆಕ್ ಪಾಸ್ ಮಾಡ್ತೀರಾ?"

"ಮಾಡಲ್ಲ."

"ನಾನೂ ಸೋಪಿಲ್ದೆ ಪೇಷಂಟನ್ನ ತೋರ್ಸಲ್ಲ. ಬೆರಳ ಸಂದಿ ತೊಳೀರಿ. ಉಂಗುರದ ಕೆಳಗೂ."

ಮ್ಯಾನೇಜರು ಉಂಗುರ ಬಿಚ್ಚಿ ತೊಳೆದರು. ನಿಮ್ಮ ಅಜ್ಜ ಮಂಚದ ಮೇಲಿಂದ ನೋಡುತ್ತಿದ್ದರು. ಬಾಯಿ ಅರ್ಧ ಮಾತ್ರ ಆಡುತ್ತಿತ್ತು. ಆ ಅರ್ಧ ಬಾಯಿಯಲ್ಲಿ ಅವರು ನಕ್ಕದ್ದನ್ನು ಕಾಯಿಲೆ ಬಂದ ಮೇಲೆ ಮೊದಲ ಸಲ ಕಂಡೆ. ಎರಡು ವರ್ಷ ಆ ಮ್ಯಾನೇಜರ ಕೈಕೆಳಗೆ ಕೆಲಸ ಮಾಡಿದ್ದರಲ್ಲ.

ಆದರೆ ಸಿಸ್ಟರಮ್ಮನ ಕೈಗೆ ನಿಜವಾಗಿ ಸಿಕ್ಕಿದವಳು ನನ್ನ ನಾದಿನಿ, ನಿಮ್ಮ ಅಪ್ಪನ ಸೋದರತ್ತೆ. ಗದಗಿನಿಂದ ರೈಲಿನಲ್ಲಿ ಡಬ್ಬಿ ತುಂಬ ಗೋಧಿ ಹುಗ್ಗಿ ತಂದಿದ್ದಳು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿಲ್ಲ. ಹಾಸಿಗೆ ಹಿಡಿದವರನ್ನು ನೋಡಲು ಹೋದರೆ ನಮ್ಮ ಕೈಯಾರೆ ಒಂದು ತುತ್ತು ಉಣಿಸಿ ಬರಬೇಕು. ಉಣ್ಣುವವರಿಗೆ ನುಂಗಲು ಬರುತ್ತದೋ ಇಲ್ಲವೋ, ಅದು ಅವರ ಪಾಡು. "ಅಣ್ಣ ನನ್ನ ಕೈಯಾಗಿಂದು ಒಂದು ತುತ್ತು ಉಣ್ಣಲಿಲ್ಲಂದ್ರ ನನ್ನ ಜೀವಕ್ಕ ಸಮಾಧಾನಿಲ್ಲ, ವೈನಿ" ಎಂದು ಅಳುತ್ತಾ, ಅಂಗಾತ ಮಲಗಿದ್ದವರ ಬಾಯಿಗೆ ಹುಗ್ಗಿಯ ಚಮಚ ಇಟ್ಟಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ನಾದಿನಿಗೆ ಬೇಡವೆಂದು ನಾನು ಯಾವತ್ತೂ ಅಂದಿರಲಿಲ್ಲ.

ಅಜ್ಜ ಕೆಮ್ಮಿದರು. ಮುಖ ಕೆಂಪಾಗಿ ಕಣ್ಣು ಮೇಲಕ್ಕೆ ಹೋಯಿತು. ಸಿಸ್ಟರಮ್ಮ ಎಲ್ಲಿದ್ದರೋ, ಬೂಟು ಕಿರುಗುಟ್ಟಿಸುತ್ತಾ ಓಡಿ ಬಂದರು. ಮಂಚದ ತಲೆ ಎತ್ತಿ, ಅವರನ್ನು ನೆಟ್ಟಗೆ ಕೂರಿಸಿ ಮುಂದಕ್ಕೆ ಬಾಗಿಸಿ, ಬೆರಳಿಗೆ ಬಟ್ಟೆ ಸುತ್ತಿ ಬಲಗೆನ್ನೆಯೊಳಗೆ ಕೂತಿದ್ದ ಹುಗ್ಗಿಯನ್ನೆಲ್ಲ ತೆಗೆದರು. ಉಸಿರು ಸರಿಯಾಗುವವರೆಗೆ ಬೆನ್ನಿಗೆ ಕೈ ಕೊಟ್ಟು ನಿಂತರು. ಆಮೇಲೆ ನಾದಿನಿಯ ಕಡೆ ತಿರುಗಿ, "ಬಾಮ್ಮಾ, ಈ ಮಂಚ ಖಾಲಿ ಇದೆ. ಸ್ವಲ್ಪ ಮಲ್ಕೋ" ಎಂದರು.

ನಾದಿನಿ ತನ್ನ ಬಿಪಿ ನೋಡುತ್ತಾರೆಂದು ಸಂತೋಷದಿಂದಲೇ ಮಲಗಿದಳು. ಸಿಸ್ಟರಮ್ಮ "ಬಾಯ್ತೆಗಿ" ಎಂದರು. ತೆಗೆದಳು. ಒಂದು ಚಮಚ ನೀರು ಸುರಿದರು. ನಾದಿನಿ ಕೆಮ್ಮಿ, ಸೀನಿ, ಕುಪ್ಪಸವೆಲ್ಲ ಒದ್ದೆ ಮಾಡಿಕೊಂಡು ಎದ್ದು ಕೂತಳು.

"ಯಾಕಮ್ಮಾ? ನಾನೂ ಪ್ರೀತಿಯಿಂದ್ಲೇ ಹಾಕ್ದೆ" ಎಂದರು ಸಿಸ್ಟರಮ್ಮ.

ಬೇರೆಯವರಿಗೆ ಹೀಗೆ ನೀರು ಸುರಿದು ಪಾಠ ಕಲಿಸುವುದು ನ್ಯಾಯವೇ ಎಂದು ನಿಮ್ಮ ಅಪ್ಪ ಕೇಳುತ್ತಾನೆ. ನ್ಯಾಯವಲ್ಲ. ಆದರೆ ಅದಾದ ಮೇಲೆ ನಾನು ಕಲಿತದ್ದನ್ನು ಇನ್ನೂ ಮರೆತಿಲ್ಲ. ನೆಟ್ಟಗೆ ಕೂರಿಸಬೇಕು, ಗದ್ದ ಎದೆಯ ಕಡೆ ಬಾಗಿರಬೇಕು. ಚಿಕ್ಕ ಚಮಚ, ಶಕ್ತಿ ಇರುವ ಕಡೆಯಿಂದ. ಗಂಟಲ ಗುಬುಟು ಮೇಲೆ ಹೋಗಿ ಕೆಳಗಿಳಿದದ್ದು ಕಣ್ಣಿಗೆ ಕಂಡ ಮೇಲೆಯೇ ಮುಂದಿನ ಚಮಚ. ಉಂಡಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಎರಡೆರಡು ಗಂಟೆಗೆ ಮಗ್ಗಲು ಬದಲಿಸುವುದನ್ನು ಕಲಿಸಿದ್ದೂ ಇದೇ ಧಾಟಿಯಲ್ಲಿ. "ರೊಟ್ಟಿ ಒಂದೇ ಮಗ್ಗಲು ಸುಡ್ತೀಯೇನಮ್ಮಾ? ಹಿಮ್ಮಡಿ ನೋಡು, ಬೆನ್ನ ಕೆಳಗೆ ನೋಡು. ಕೆಂಪಾಗಿದ್ರೆ ಆಗ್ಲೇ ಸುಡೋಕೆ ಸುರುವಾಗಿದೆ."

ರೋಗಿಯ ಮನೆಯವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಚಿಕ್ಕ ನರ್ಸುಗಳಿಗೆ ದಿನವೂ ಉಪದೇಶ ಮಾಡುತ್ತಿದ್ದರು. ನನ್ನ ಶೇಂಗಾ ಚಟ್ನಿಪುಡಿಯನ್ನು ಮಾತ್ರ ದಿನವೂ 'ಪರೀಕ್ಷೆಗೆ' ಎಂದು ಎರಡು ಚಮಚ ಹಾಕಿಸಿಕೊಳ್ಳುತ್ತಿದ್ದರು. ಇಪ್ಪತ್ತು ದಿನ ಪರೀಕ್ಷೆ ನಡೆಯಿತು. ಫಲಿತಾಂಶ ತಿಳಿಸಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅಜ್ಜನದು ಆರನೆಯ ಮಂಚ. ಅದರ ಎಡಗಡೆ ಗೋಡೆ. ಅವರಿಗೆ ಆಡುತ್ತಿದ್ದುದು ಎಡಗೈ ಒಂದೇ. ಅದು ದಿನವೆಲ್ಲ ಗೋಡೆ ತಡವುತ್ತಿತ್ತು. ಆ ಕೈ ನನಗೆ ಸಿಗುವಂಥ ಮಂಚದಲ್ಲಿ ಅವರನ್ನು ಮಲಗಿಸುವ ಆಸೆ ನನಗೆ. ಏಳನೆಯ ಮಂಚದಲ್ಲಿ ಸಕ್ಕರೆ ಕಾಯಿಲೆಯ ಸುಬ್ಬಾರಾವು ಎಂಬವರಿದ್ದರು. ಅವರ ಹೆಂಡತಿಗೆ ಆರನೆಯ ಮಂಚದ ಮೇಲಿನ ಫ್ಯಾನಿನ ಮೇಲೆ ಕಣ್ಣು. ಇಬ್ಬರು ಹೆಂಗಸರೂ ಕೈಸನ್ನೆಯಲ್ಲೇ ಮಾತಾಡಿಕೊಂಡು, ಆಯಾಳನ್ನು ಒಪ್ಪಿಸಿ, ಮಧ್ಯಾಹ್ನ ಸಿಸ್ಟರಮ್ಮ ಊಟಕ್ಕೆ ಹೋದಾಗ ಗಂಡಂದಿರನ್ನು ಅದಲುಬದಲು ಮಾಡಿಕೊಂಡೆವು. ರೈಲಿನಲ್ಲಿ ಸೀಟು ಬದಲಿಸಿಕೊಂಡಷ್ಟು ಸುಲಭ. ನೀರು, ಬಟ್ಟೆ, ಚಪ್ಪಲಿ ಎಲ್ಲ ಸಾಗಿಸಿದೆವು. ಮಂಚದ ಕಾಲಿಗೆ ನೇತುಹಾಕಿದ್ದ ಕಾಗದಗಳು ಮಾತ್ರ ಇದ್ದಲ್ಲೇ ಉಳಿದವು. ಅವು ಮಂಚದವು ಎಂದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ತರಬೇತಿಯ ನರ್ಸೊಬ್ಬಳು ತಟ್ಟೆ ಹಿಡಿದು ಬಂದಳು. ಮಂಚದ ನಂಬರು ನೋಡಿದಳು, ಕಾಗದ ನೋಡಿದಳು, ಸೂಜಿ ಎತ್ತಿದಳು. "ಸುಬ್ಬಾರಾವು ಗಾರೇ ಕದಂಡೀ?" ಎಂದಳು, ಇವರು ಸುಬ್ಬಾರಾವು ತಾನೇ ಎಂದು.

ನಾನು ಹೌದೆಂದು ತಲೆಯಾಡಿಸಿದೆ.

ತೆಲುಗು ತಿಳಿಯದೆ ಅಲ್ಲ, ಮಕ್ಕಳೇ. ಅಷ್ಟು ತಿಳಿಯುತ್ತಿತ್ತು. ಅಲ್ಲವೆಂದರೆ "ಹಾಗಾದರೆ ಇವರ ಹೆಸರೇನು" ಎಂಬ ಪ್ರಶ್ನೆ ಬರುತ್ತದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ನನ್ನ ಅವ್ವ ಕಲಿಸಿದ್ದಳು. ಮದುವೆಯಾಗಿ ಮೂವತ್ತೈದು ವರ್ಷ ಅವರ ಹೆಸರು ಹೇಳಿರಲಿಲ್ಲ. ಪಡಿತರ ಚೀಟಿಯವರು ಕೇಳಿದರೆ ಪಕ್ಕದ ಮನೆಯವಳು ಹೇಳುತ್ತಿದ್ದಳು. ಅವರ ಆಯುಷ್ಯ ಉಳಿಸಲು ನಾನು ತಲೆಯಾಡಿಸಿ, ಯಾರದ್ದೋ ಸೂಜಿಗೆ ಅವರ ತೋಳು ಒಡ್ಡಿಸಿದೆ.

ಬಾಗಿಲಿನಿಂದ "ಆಗು!" ಎಂಬ ಕೂಗು ಬಂತು, ನಿಲ್ಲು ಎಂದು. ಸಿಸ್ಟರಮ್ಮ, ಕೈಯಲ್ಲಿ ಇನ್ನೂ ಎಂಜಲು. ಹುಡುಗಿಯ ಕೈಯಿಂದ ಸೂಜಿ ಕಿತ್ತುಕೊಂಡರು. ಅದು ಸಕ್ಕರೆ ಇಳಿಸುವ ಔಷಧ. ಸಕ್ಕರೆ ಕಾಯಿಲೆಯೇ ಇಲ್ಲದ, ಬೆಳಿಗ್ಗೆಯಿಂದ ನಾಲ್ಕು ಚಮಚ ಗಂಜಿ ಕುಡಿದಿದ್ದ ಮನುಷ್ಯನಿಗೆ ಹೋಗಿದ್ದರೆ ಎಚ್ಚರವೇ ಆಗುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಹುಡುಗಿಯನ್ನು ಅವರು ಬೈದ ಬೈಗುಳ ಬರೆಯುವುದಿಲ್ಲ. ಆಮೇಲೆ ನನ್ನ ಮುಂದೆ ನಿಂತರು.

"ಈತನ ಹೆಸ್ರೇನಮ್ಮಾ?"

ನಾನು ಕಾಗದದ ಕಡೆ ಕೈ ತೋರಿಸಿದೆ.

"ಕಾಗದಕ್ಕೆ ಸೂಜಿ ಹಾಕಲ್ಲ. ಹೆಸ್ರು ಹೇಳು."

ಚೀಲದಿಂದ ಅವರ ಬ್ಯಾಂಕಿನ ಗುರುತಿನ ಚೀಟಿ ತೆಗೆದು ಕೊಟ್ಟೆ. ಅದನ್ನು ತಿರುಗಿ ನನ್ನ ಚೀಲಕ್ಕೇ ಹಾಕಿದರು. "ಗಂಡನ ಹೆಸ್ರು ಹೇಳಿದ್ರೆ ಸಾಯ್ತಾನಾ?"

"ಹಂಗಂತಾರ್ರಿ" ಎಂದೆ.

"ನೀನು ಹೇಳ್ದೆ ಇದ್ದಿದ್ದಕ್ಕೆ ಈವತ್ತೇ ಹೋಗ್ತಿದ್ದ. ನಾಳಿಂದ ಪ್ರತಿ ಗುಳಿಗೆಗೂ, ಪ್ರತಿ ಸೂಜಿಗೂ ನಾನು ಕೇಳ್ತೀನಿ. ನೀನು ಹೇಳ್ಬೇಕು. ಹೇಳದಿದ್ರೆ ಔಷಧಿ ತಟ್ಟೇಲೇ ಇರುತ್ತೆ. ಮಹಾರಾಜರಿಗೆ ಬಾಯಿಲ್ಲ. ನಿನಗಿದೆ ಅಂತ ಅನ್ಕೊಂಡಿದ್ದೆ."

ಮರುದಿನ ಬೆಳಿಗ್ಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಸೂಜಿ ಹಿಡಿದು ಬಂದರು. ವಾರ್ಡಿನ ಎಂಟು ಮಂಚಗಳೂ ನೋಡುತ್ತಿದ್ದವು. ಸುಬ್ಬಾರಾವು ಎದ್ದು ಕೂತು ಕನ್ನಡಕ ಹಾಕಿಕೊಂಡರು. ಸಿಸ್ಟರಮ್ಮ ಎದೆಯ ಗಡಿಯಾರ ನೋಡಿದರು. ಸೂಜಿಗೆ ಹೊತ್ತು ಮೀರುತ್ತದೆ ಎಂದರು. ಆಗ ನನಗೆ ತೋಚಿದ್ದು ಒಂದೇ ದಾರಿ. ನಮ್ಮ ಕಡೆ ಮದುವೆ, ಸೀಮಂತದಲ್ಲಿ ಗಂಡನ ಹೆಸರು ಹೇಳಲೇಬೇಕೆಂದು ಹಟ ಹಿಡಿದರೆ ಹೆಂಗಸರು ಒಡಪು ಹಾಕುತ್ತಾರೆ. ಒಂದು ಪದ್ಯ ಕಟ್ಟಿ ಅದರ ನಡುವೆ ಹೆಸರು ಮುಚ್ಚಿಟ್ಟು ಹೇಳುತ್ತಾರೆ. ಹಾಗೆ ಹೇಳಿದರೆ ದೋಷವಿಲ್ಲ. ನಾನು ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡುತ್ತಾ ಹೇಳಿದೆ:

"ಕಂಚಿನ ತಾಟಿನ್ಯಾಗ ಕಡಲಿ ಹಿಟ್ಟಿನ ಉಂಡಿ,
ಚನ್ನಬಸಪ್ಪನವರ ಹೆಸರ ಹೇಳತೀನಿ, ಕೇಳ್ರಿ ದವಾಖಾನಿ ಮಂದಿ."

ಸುಬ್ಬಾರಾವು ಚಪ್ಪಾಳೆ ತಟ್ಟಿದರು. ಸಿಸ್ಟರಮ್ಮ ಮುಖ ಸಡಿಲಿಸದೆ ಕೇಳಿದರು: "ಇದ್ರಲ್ಲಿ ಉಂಡಿ ಯಾರು, ಪೇಷಂಟ್ ಯಾರು?"

ಅದಾದ ಮೇಲೆ ದಿನಕ್ಕೆ ಐದು ಸಲ ಒಡಪು. ಹೊಸ ಪದ್ಯ ಕಟ್ಟುವುದು ನನ್ನ ಕೆಲಸ, ಕೇಳುವುದು ಇಡೀ ವಾರ್ಡಿನ ಕೆಲಸ. ಸುಬ್ಬಾರಾವಿನ ಹೆಂಡತಿ ಬಾಯಿಪಾಠ ಮಾಡಿದಳು. ನಾನು ಶೌಚಕ್ಕೆ ಹೋದಾಗ ಅವಳೇ ಕೂಗಿ ಹೇಳಿ ನನ್ನ ಗಂಡನಿಗೆ ಗುಳಿಗೆ ಕೊಡಿಸಲು ನೋಡಿದಳು. ಸಿಸ್ಟರಮ್ಮ ಕೊಡಲಿಲ್ಲ.

ಒಂದು ಮಧ್ಯಾಹ್ನ ನನ್ನ ಚಟ್ನಿಪುಡಿ ಕಲಸಿದ ಮೊಸರನ್ನ ಉಣ್ಣುತ್ತಾ ಕೂತಿದ್ದರು. ಧೈರ್ಯ ಮಾಡಿ ಕೇಳಿದೆ, "ನೀವು ಯಾಕ್ರಿ ಹೆಸರಿಗೆ ಇಷ್ಟು ಹಟ ಹಿಡೀತೀರಿ?"

"ಬಳ್ಳಾರೀಲಿ ಇದ್ದಾಗ ನಾನೂ ಮಂಚದ ನಂಬರ್ ನೋಡಿ ಸೂಜಿ ಕೊಟ್ಟಿದ್ದೆ."

"ಆಮ್ಯಾಲೇನಾತ್ರಿ?"

ತುತ್ತು ನುಂಗಿ, ಬೆರಳು ನೋಡಿಕೊಂಡರು. "ನಂಬರ್ ಇನ್ನೂ ಹಂಗೇ ಇದೆಯಮ್ಮಾ, ಗೋಡೆ ಮೇಲೆ." ಎದ್ದು ಹೋಗಿ ಕೈ ತೊಳೆದರು. ಬಹಳ ಹೊತ್ತು ತೊಳೆದರು.

ನಾವು ಮನೆಗೆ ಹೊರಡುವ ದಿನ ನಾನು ಅವರ ಕಾಲಿಗೆ ಬಗ್ಗಿದೆ. "ಕಾಲು ಮುಟ್ಟಿ ಹಂಗೇ ಗಂಡನ್ನ ಮುಟ್ಬೇಡ" ಎಂದರು. ಬೀಳ್ಕೊಡುಗೆ ಅಷ್ಟೇ. ಆದರೆ ಫೋನ್ ನಂಬರು ಬರೆದುಕೊಟ್ಟರು.

ಆಮೇಲೆ ಅಜ್ಜ ಸ್ವಯಂ ನಿವೃತ್ತಿ ತೆಗೆದುಕೊಂಡರು. ನಿಮ್ಮ ಅಪ್ಪ ವಿಶಾಖಪಟ್ಟಣದ ಕಾರ್ಖಾನೆಯಲ್ಲಿದ್ದುದರಿಂದ ನಾವು ಪೆಂದುರ್ತಿಯ ಈ ಮನೆಗೆ ಬಂದೆವು. ದ್ವಾರಕಾ ನಗರದ ಅಂಗಡಿಯಿಂದ ತಲೆ ಎತ್ತುವ ಮಂಚ ತಂದೆವು. ನೀವಿಬ್ಬರೂ ಅದನ್ನು ಜೋಕಾಲಿ ಮಾಡಿಕೊಂಡಿದ್ದು ನಿಮಗೆ ನೆನಪಿರಲಿಕ್ಕಿಲ್ಲ. ಅವರು ಬದುಕಿದ್ದ ಒಂದೂವರೆ ವರ್ಷ ಅವರ ಬೆನ್ನಿನ ಮೇಲೆ ಒಂದು ಹುಣ್ಣಾಗಲು ನಾನು ಬಿಡಲಿಲ್ಲ. ನಾಚಿಕೆಯಿಲ್ಲದೆ ಬರೆಯಬಹುದಾದ ನನ್ನ ಒಂದೇ ಪದವಿ ಅದು.

ಒಮ್ಮೆ ಜ್ವರ ಬಂದು ಇಲ್ಲಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ನಿಮ್ಮ ಅಪ್ಪ ಔಷಧ ತರಲು ಕೆಳಗೆ ಹೋಗಿದ್ದ. ಒಬ್ಬ ನರ್ಸು ಬಿರುಸಿನಿಂದ ಬಂದಳು. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ಸೂಜಿ. "ಅಪ್ಪಲಸ್ವಾಮಿ ಗಾರಾ?" ಎಂದವಳೇ ಅಜ್ಜನ ತೋಳಿನ ಅಂಗಿ ಮೇಲೇರಿಸಿದಳು.

ಅಲ್ಲಿ ಸಿಸ್ಟರಮ್ಮ ಇರಲಿಲ್ಲ. ಬಾಗಿಲಿನಿಂದ ಕೂಗುವವರು ಯಾರೂ ಇರಲಿಲ್ಲ. ಪದ್ಯ ಕಟ್ಟಲು ಹೊತ್ತೂ ಇರಲಿಲ್ಲ. ನಾನು ಅವರ ತೋಳಿನ ಮೇಲೆ ಕೈ ಅಡ್ಡ ಇಟ್ಟೆ.

"ಕಾದಂಡಿ" ಎಂದೆ, ಅಲ್ಲವೆಂದು. "ಚನ್ನಬಸಪ್ಪ."

"ಏಮಿಟಿ?"

"ಚನ್ನಬಸಪ್ಪ. ಚನ್ನಬಸಪ್ಪ! ಫೋನ್ ಇಟ್ಟು ಕೇಳವಾ, ತಂಗಿ. ಇವರು ಚನ್ನಬಸಪ್ಪ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಯಾರೋ ಇಣುಕಿದರು. ಅಪ್ಪಲಸ್ವಾಮಿಯವರ ಕಡೆಯವರೇ ಇರಬೇಕು. ನರ್ಸು ಕಾಗದ ನೋಡಿದಳು, ಬಾಗಿಲ ನಂಬರು ನೋಡಿದಳು, ಫೋನ್ ಜೇಬಿಗೆ ಹಾಕಿದಳು. "ಸಾರಿ ಅಮ್ಮಾ" ಎಂದು ಹೋದಳು. ಅದು ಯಾವುದರ ಸೂಜಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮದಲ್ಲವೆಂಬುದಷ್ಟೇ ಗೊತ್ತು.

ತಿರುಗಿ ನೋಡಿದರೆ ನಿಮ್ಮ ಅಜ್ಜ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು, ಇದು ಯಾವ ಹೆಂಗಸು ಎನ್ನುವ ಹಾಗೆ.

ಸಂಜೆ ಸಿಸ್ಟರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಒಂದು ಶಹಬ್ಬಾಸ್ ಬರಲಿ ಎಂದು ಕಾದೆ.

"ಹೆಸ್ರು ಹೇಳ್ದೆ, ಸರಿ. ಹುಟ್ಟಿದ ತಾರೀಖು ಹೇಳ್ದ್ಯಾ? ಒಂದೇ ಹೆಸ್ರಿನೋರು ಇಬ್ರಿದ್ರೆ?"

"ಜೂನ್ ಒಂದ್ರಿ" ಎಂದೆ.

"ನಿಮ್ ದೇಶದಲ್ಲಿ ಎಲ್ಲಾ ಗಂಡಸ್ರೂ ಜೂನ್ ಒಂದಕ್ಕೇ ಹುಟ್ತಾರೆ, ಮೇಷ್ಟ್ರು ಬರ್ಕೊಂಡಂಗೆ. ಬಳ್ಳಾರಿ ವಾರ್ಡಿನಾಗೆ ನಾಲ್ಕ್ ಜನ ಇರ್ತಿದ್ರು. ಅದಲ್ಲ. ಮೈಮೇಲೆ ಗುರುತೇನಿದೆ?"

ನಾನು ಫೋನ್ ಹಿಡಿದೇ ಮಂಚದ ಕಡೆ ತಿರುಗಿ ನೋಡಿದೆ.

"ಮೂವತ್ತಾರು ವರ್ಷ ಸಂಸಾರ ಮಾಡಿ ಏನ್ ನೋಡ್ದೆ ನೀನು?" ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಮೈ ಒರೆಸುವಾಗ ಹುಡುಕಿದೆ. ಹಣೆ, ಕೊರಳು, ಹೆಗಲು. ಬೆನ್ನನ್ನು ದಿನವೂ ನೋಡುತ್ತಿದ್ದೆ, ಅದು ಕೆಂಪಾಗಿದೆಯೋ ಇಲ್ಲವೋ ಎಂದು ಮಾತ್ರ. ಎಡಗಿವಿಯನ್ನು ಮಡಚಿದರೆ ಅದರ ಹಿಂದೆ, ಕೂದಲಿನ ಅಂಚಿನಲ್ಲಿ, ಎಳ್ಳಿನಷ್ಟು ದೊಡ್ಡ ಕಪ್ಪು ಮಚ್ಚೆ. ಅದರ ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಚಿಕ್ಕದು. ಬಟ್ಟೆಯಿಂದ ಒರೆಸಿ ನೋಡಿದೆ, ಹೋಗಲಿಲ್ಲ. ಅಜ್ಜನಿಗೆ ಕಚಗುಳಿಯಾಗಿ ಎಡಗೈಯಿಂದ ನನ್ನ ಕೈ ತಳ್ಳಿದರು. ನಾನು ಬಿಡಲಿಲ್ಲ. ಬಿಸಿಲಿಗೆ ಸರಿಯಾಗಿ ತಲೆ ತಿರುಗಿಸಿ, ಮೊದಲಿನಿಂದ ಇನ್ನೊಮ್ಮೆ ನೋಡಿದೆ.